ಗಾಬರಿಗೆ ಅಳತೆಗೋಲು ಉಂಟೆ?

ಮನೆಯ ಆರೋಗ್ಯ

ದಣಿವಿನ ದೂರು ಇಲ್ಲದ ಮನೆ ಈಗ ಸಿಕ್ಕುವುದು ಕಷ್ಟ. ಮುಂಬಯಿಯವರಿಗೆ ಲೋಕಲ್ ಗಾಡಿಯ ನೂಕುನುಗ್ಗಲು, ಪುಣೆ ಹೈದರಾಬಾದುಗಳ ತರುಣರಿಗೆ ರಾತ್ರಿಪಾಳಿ, ದೆಹಲಿಯವರಿಗೆ ಚಳಿಗಾಲದ ಹೊಗೆ, ಚೆನ್ನೈಯವರಿಗೆ ಸೆಕೆ. ಇವುಗಳ ಮೇಲೆ ಮನೆಬಾಡಿಗೆ, ಮಕ್ಕಳ ಓದು, ಊರಿನಲ್ಲಿ ಬಿಟ್ಟುಬಂದ ಹಿರಿಯರ ಯೋಚನೆ ಎಲ್ಲರಿಗೂ ಸಮಾನ. ಬೆಳಗ್ಗೆ ಏಳುವಾಗಲೇ ಮೈ ಭಾರ, ಸಂಜೆಗೆ ಸಿಡುಕು, ರಾತ್ರಿಗೆ ನಿದ್ರೆಯಿಲ್ಲ ಎಂಬ ಮಾತನ್ನು ಸಂಘದ ಹಬ್ಬದೂಟದ ಪಂಕ್ತಿಯಲ್ಲಿ ನಾವು ಎಷ್ಟು ಸಲ ಕೇಳಿಲ್ಲ!

ಈ ದೂರಿಗೆ ಈಚೆಗೆ ಹೊಸದೊಂದು ಉತ್ತರ ಹೊರಟಿದೆ. ‘ನಿಮ್ಮ ಅಡ್ರಿನಲ್ ಗ್ರಂಥಿಗಳು ಬಳಲಿವೆ, ಮೂತ್ರ ಪರೀಕ್ಷೆ ಮಾಡಿಸಿ, ಒತ್ತಡದ ಹಾರ್ಮೋನು ಎಷ್ಟಿದೆಯೆಂದು ತಿಳಿದುಕೊಳ್ಳಿ’ ಎಂಬ ಉಪದೇಶ ಮೊಬೈಲಿನಲ್ಲಿ ಮನೆಯಿಂದ ಮನೆಗೆ ಹರಿದಾಡುತ್ತದೆ. ಅದರ ಹಿಂದೆಯೇ ಪರೀಕ್ಷೆಯ ಬೆಲೆಪಟ್ಟಿ. ಅದರ ಬೆನ್ನಿಗೆ ಗ್ರಂಥಿಗೆ ‘ಬಲ ಕೊಡುವ’ ಗುಳಿಗೆಗಳ ಡಬ್ಬಿ. ಮಾಡಿಸಬಹುದೆ, ಮಾಡಿಸಿದರೆ ತಿಳಿಯುವುದೇನು ಎಂಬುದು ಅನೇಕರ ಪ್ರಶ್ನೆ. ಅದನ್ನೇ ಈ ಸಲದ ಅಂಕಣಕ್ಕೆ ಆರಿಸಿಕೊಂಡಿದ್ದೇವೆ.

ಉತ್ತರವನ್ನು ಮೊದಲೇ ಹೇಳಿಬಿಡುವುದು ಮೇಲು. ಮೂತ್ರದಲ್ಲಿ ಕಾರ್ಟಿಸೋಲನ್ನು ಅಳೆಯುವ ಪರೀಕ್ಷೆ ಒಳ್ಳೆಯ ಪರೀಕ್ಷೆಯೇ; ಆದರೆ ಅದು ಚಿಂತೆಯನ್ನು ಅಳೆಯುವುದಿಲ್ಲ. ಚಿಂತೆಯಿಂದ ಅಡ್ರಿನಲ್ ಗ್ರಂಥಿ ಸೋತು ಕೂಡುವುದೂ ಇಲ್ಲ. ಬೇರೊಂದು ಕಾರಣದಿಂದ ಮಾತ್ರ ಅದು ನಿಜವಾಗಿಯೂ ನಿದ್ರೆ ಹೋಗುತ್ತದೆ. ಆ ಕಾರಣ ನಮ್ಮಂಥ ಊರು ಬಿಟ್ಟುಬಂದ ಸಂಸಾರಗಳ ಔಷಧದ ಡಬ್ಬಿಯಲ್ಲೇ ಕುಳಿತಿರಬಹುದು. ನಾವು ಭಯಪಡಬೇಕಾದ್ದು ಅದಕ್ಕೆ.

ಎರಡು ಪುಟ್ಟ ಗ್ರಂಥಿಗಳು

ನಮ್ಮ ಎರಡು ಮೂತ್ರಪಿಂಡಗಳ ತಲೆಯ ಮೇಲೆ ಟೋಪಿ ಇಟ್ಟಂತೆ ಒಂದೊಂದು ಚಿಕ್ಕ ಗ್ರಂಥಿಯಿದೆ. ಒಂದೊಂದರ ತೂಕ ಹೆಚ್ಚೆಂದರೆ ನಾಲ್ಕೈದು ಗ್ರಾಂ. ಇವೇ ಅಡ್ರಿನಲ್ ಗ್ರಂಥಿಗಳು. ಮೂತ್ರಪಿಂಡದ ಮೇಲೆ ಕುಳಿತಿವೆಯೆಂಬುದನ್ನು ಬಿಟ್ಟರೆ ಮೂತ್ರ ಮಾಡುವ ಕೆಲಸಕ್ಕೂ ಇವಕ್ಕೂ ನೇರ ಸಂಬಂಧವಿಲ್ಲ. ಹಣ್ಣಿಗಿರುವಂತೆ ಇವಕ್ಕೂ ಹೊರಗೊಂದು ತೊಗಟೆ, ಒಳಗೊಂದು ತಿರುಳು. ಎರಡೂ ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರಿದ್ದಂತೆ. ಒಂದರ ವ್ಯವಹಾರ ಇನ್ನೊಂದಕ್ಕಿಲ್ಲ.

ತಿರುಳಿನಲ್ಲಿ ಹುಟ್ಟುವುದು ಅಡ್ರಿನಲಿನ್. ಜಪಾನಿನ ಜೋಕಿಚಿ ತಕಮಿನೆ ಎಂಬ ರಸಾಯನಶಾಸ್ತ್ರಜ್ಞ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ೧೯೦೧ರಲ್ಲಿ ಲೋಕಕ್ಕೆ ತಿಳಿಸಿದ. ನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಡವಗುಟ್ಟುವುದು, ಅಂಗೈ ಬೆವರುವುದು, ಕಾಲಿಗೆ ಎಲ್ಲಿಲ್ಲದ ಬಲ ಬರುವುದು ಇದರ ಪ್ರಭಾವ. ಇದರ ಆಟ ನಿಮಿಷಗಳದು.

ತೊಗಟೆಯಲ್ಲಿ ಹುಟ್ಟುವ ರಸಗಳಲ್ಲಿ ಮುಖ್ಯವಾದ್ದು ಕಾರ್ಟಿಸೋಲು. ಇದರ ಕೆಲಸ ಗಂಟೆಗಳದು, ದಿನಗಳದು. ರಕ್ತದ ಒತ್ತಡ ಕುಸಿಯದಂತೆ ನೋಡುವುದು, ಊಟವಿಲ್ಲದ ಹೊತ್ತಿನಲ್ಲಿ ರಕ್ತಕ್ಕೆ ಸಕ್ಕರೆ ಒದಗಿಸುವುದು, ಊತ ಉರಿಗಳನ್ನು ಹತೋಟಿಯಲ್ಲಿಡುವುದು ಇವೆಲ್ಲ ಅದರ ಹೊಣೆ. ಬೆಳಗಿನ ಜಾವ ಏರಿ, ನಾವು ಏಳುವ ಹೊತ್ತಿಗೆ ತುದಿ ಮುಟ್ಟಿ, ದಿನವಿಡೀ ಇಳಿಯುತ್ತ ಹೋಗಿ, ನಡುರಾತ್ರಿಯ ವೇಳೆಗೆ ತಳ ಸೇರುತ್ತದೆ. ಸೂರ್ಯನಿಗೆ ಸ್ವಲ್ಪ ಮುಂಚೆಯೇ ಎದ್ದು ಮನೆಗೆಲಸಕ್ಕೆ ತೊಡಗುವ ನಮ್ಮ ಹಿಂದಿನ ಕಾಲದ ಗೃಹಿಣಿಯಂತೆ ಇದರ ದಿನಚರಿ.

ಈ ಗ್ರಂಥಿಗಳಿಲ್ಲದೆ ಬದುಕಿಲ್ಲವೆಂದು ಲೋಕಕ್ಕೆ ತಿಳಿದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್ ೧೮೫೫ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದ. ದಿನದಿಂದ ದಿನಕ್ಕೆ ನಿಶ್ಶಕ್ತರಾಗಿ, ಮೈ ಕಪ್ಪಾಗಿ, ಕೊನೆಗೆ ಸತ್ತುಹೋದ ರೋಗಿಗಳ ಅಡ್ರಿನಲ್ ಗ್ರಂಥಿಗಳು ಹಾಳಾಗಿದ್ದುದನ್ನು ಆತ ಅದರಲ್ಲಿ ವರ್ಣಿಸಿದ್ದಾನೆ. ಅವರಲ್ಲಿ ಹಲವರ ಗ್ರಂಥಿಗಳನ್ನು ಕ್ಷಯರೋಗವೇ ತಿಂದುಹಾಕಿತ್ತು. ಅಡಿಸನ್ ಕಾಯಿಲೆ ಎಂದೇ ಇಂದಿಗೂ ಅದಕ್ಕೆ ಹೆಸರು. ಮುಂದೆ ಕಾರ್ಟಿಸೋನನ್ನು ಬೇರ್ಪಡಿಸಿ ಔಷಧವಾಗಿಸಿದ ಕೆಲಸಕ್ಕಾಗಿ ಕೆಂಡಾಲ್, ರೈಖ್‌ಸ್ಟೈನ್, ಹೆಂಚ್ ಎಂಬ ಮೂವರಿಗೆ ೧೯೫೦ರ ನೊಬೆಲ್ ಬಹುಮಾನ ಬಂತು. ಅಡಿಸನ್ ಕಾಲದಲ್ಲಿ ಸಾಯಲೇಬೇಕಾಗಿದ್ದ ರೋಗಿ ಈಗ ದಿನಕ್ಕೆ ಎರಡು ಮೂರು ಸಲ ಮಾತ್ರೆ ನುಂಗಿ ಮಕ್ಕಳು ಮೊಮ್ಮಕ್ಕಳೊಡನೆ ಬಾಳುತ್ತಾನೆ.

ಒಂದು ದಿನದ ಲೆಕ್ಕ

ಕಾರ್ಟಿಸೋಲನ್ನು ಮೂತ್ರದಲ್ಲಿ ಏಕೆ ಅಳೆಯಬೇಕು, ರಕ್ತ ಸಾಲದೆ ಎಂದು ಕೇಳಬಹುದು. ರಕ್ತದಲ್ಲಿರುವ ಕಾರ್ಟಿಸೋಲಿನ ಬಹುಪಾಲು ಒಂದು ಪ್ರೋಟೀನಿಗೆ ಅಂಟಿಕೊಂಡು ತಿರುಗುತ್ತದೆ. ಕೆಲಸ ಮಾಡುವುದು ಬಿಡಿಯಾಗಿರುವ ಅಲ್ಪಭಾಗ ಮಾತ್ರ. ಸಂತಾನನಿಯಂತ್ರಣದ ಗುಳಿಗೆ ನುಂಗುವ ಹೆಣ್ಣುಮಕ್ಕಳಲ್ಲಿ ಆ ಪ್ರೋಟೀನು ಹೆಚ್ಚಿ, ರಕ್ತದ ಅಂಕಿ ಸುಮ್ಮನೆ ಮೇಲಕ್ಕೇರಿ ಗಾಬರಿ ಹುಟ್ಟಿಸುವುದುಂಟು. ಮೂತ್ರಕ್ಕೆ ಇಳಿಯುವುದು ಬಿಡಿಯಾದ ಕಾರ್ಟಿಸೋಲು ಮಾತ್ರ. ಅಲ್ಲದೆ ರಕ್ತದ ಮಟ್ಟ ಗಳಿಗೆಗೊಂದು ಬಗೆ. ರಕ್ತ ಪರೀಕ್ಷೆಯೆಂದರೆ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಒಮ್ಮೆ ಇಣಿಕಿ ನೋಡಿದಂತೆ. ೨೪ ಗಂಟೆಯ ಮೂತ್ರವೆಂದರೆ ರಾತ್ರಿ ಬಾಗಿಲು ಹಾಕುವಾಗ ಇಡೀ ದಿನದ ವ್ಯಾಪಾರವನ್ನು ಕೂಡಿ ನೋಡಿದಂತೆ.

ಮೂತ್ರ ನೋಡಿ ರೋಗ ತಿಳಿಯುವುದು ನಮಗೆ ಹೊಸದಲ್ಲ. ‘ಯೋಗರತ್ನಾಕರ’ದಲ್ಲಿ ಮೂತ್ರದ ಮೇಲೆ ಎಣ್ಣೆಯ ಹನಿ ಬಿಟ್ಟು ಅದು ಹರಡುವ ರೀತಿಯನ್ನು ನೋಡುವ ಕ್ರಮವೇ ಇದೆ. ಹಾರ್ಮೋನಿನ ಅಳತೆ ಮಾತ್ರ ಇಪ್ಪತ್ತನೆಯ ಶತಮಾನದ್ದು. ೧೯೫೦ರ ದಶಕದಲ್ಲಿ ಮೂತ್ರಕ್ಕೆ ರಾಸಾಯನಿಕ ಬೆರೆಸಿ, ಬರುವ ಬಣ್ಣದಿಂದ ಅಂದಾಜು ಮಾಡುತ್ತಿದ್ದರು. ನ್ಯೂಯಾರ್ಕಿನ ರೋಸಲಿನ್ ಯಾಲೊ, ಸಾಲೊಮನ್ ಬೆರ್ಸನ್ ಇಬ್ಬರೂ ೧೯೫೯ರ ಹೊತ್ತಿಗೆ ಇನ್ಸುಲಿನ್ನಿಗಾಗಿ ಕಂಡುಹಿಡಿದ ಸೂಕ್ಷ್ಮ ವಿಧಾನ ಮುಂದೆ ಎಲ್ಲ ಹಾರ್ಮೋನುಗಳಿಗೂ ದಾರಿಯಾಯಿತು. ಬೆರ್ಸನ್ ತೀರಿಕೊಂಡ ಮೇಲೆ, ೧೯೭೭ರಲ್ಲಿ, ಯಾಲೊ ಅವರಿಗೆ ನೊಬೆಲ್ ಬಂತು.

ಇಷ್ಟು ಶ್ರಮದಿಂದ ಬಂದ ಪರೀಕ್ಷೆಗೆ ನಿಜವಾದ ಕೆಲಸ ಯಾವುದು? ಕುಶಿಂಗ್ ಕಾಯಿಲೆಯ ಶೋಧನೆ. ಅಮೆರಿಕದ ಮಿದುಳಿನ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ೧೯೧೨ರಲ್ಲಿ ಒಮ್ಮೆ, ೧೯೩೨ರಲ್ಲಿ ಮತ್ತೊಮ್ಮೆ ವಿವರವಾಗಿ ಬಣ್ಣಿಸಿದ ಕಾಯಿಲೆ ಇದು. ಪಿಟ್ಯುಟರಿಯಲ್ಲೋ ಅಡ್ರಿನಲ್ಲಿನಲ್ಲೋ ಒಂದು ಗಂಟು ಬೆಳೆದು ಕಾರ್ಟಿಸೋಲು ಮಿತಿಮೀರಿ ಸುರಿಯುತ್ತದೆ. ಮುಖ ಚಂದ್ರನಂತೆ ಗುಂಡಾಗುತ್ತದೆ, ಹೊಟ್ಟೆ ಬೆಳೆದು ಕೈಕಾಲು ಸಣ್ಣಗಾಗುತ್ತವೆ, ಹೊಟ್ಟೆಯ ಮೇಲೆ ಬೆರಳಗಲದ ನೇರಳೆ ಗೆರೆಗಳು ಮೂಡುತ್ತವೆ, ಸ್ವಲ್ಪ ತಗುಲಿದರೂ ಚರ್ಮ ಕಂದುಗಟ್ಟುತ್ತದೆ, ಸಕ್ಕರೆಯೂ ರಕ್ತದೊತ್ತಡವೂ ಏರುತ್ತವೆ. ತೊಡೆಯ ಸ್ನಾಯು ಕರಗುವುದರಿಂದ, ನೆಲದ ಮೇಲೆ ಊಟಕ್ಕೆ ಕುಳಿತವರು ಕೈಯೂರದೆ ಏಳಲಾರರು. ಈ ಚಿಹ್ನೆಗಳು ಕೂಡಿ ಬಂದವರಿಗೆ ಈ ಪರೀಕ್ಷೆ ಬೇಕೇ ಬೇಕು. ಇದರ ಜೊತೆಗೆ ನಡುರಾತ್ರಿಯ ಎಂಜಲಿನ ಪರೀಕ್ಷೆ, ರಾತ್ರಿ ಒಂದು ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಮಾತ್ರೆ ಕೊಟ್ಟು ಬೆಳಗ್ಗೆ ರಕ್ತ ನೋಡುವ ಪರೀಕ್ಷೆ ಎಂಬ ಎರಡನ್ನೂ ವೈದ್ಯರು ಬಳಸುತ್ತಾರೆ. ಮೂತ್ರದ ಪರೀಕ್ಷೆಯನ್ನು ಕನಿಷ್ಠ ಎರಡು ಸಲವಾದರೂ ಮಾಡಬೇಕೆಂಬುದು ನಿಯಮ.

ಗ್ರಂಥಿಯ ತಿರುಳಿಗೂ ಒಂದು ಮೂತ್ರ ಪರೀಕ್ಷೆಯಿದೆ. ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು, ಧಾರಾಕಾರ ಬೆವರು, ಎದೆಬಡಿತ ಒಟ್ಟೊಟ್ಟಿಗೆ ಬಂದು, ಆ ಹೊತ್ತಿನಲ್ಲಿ ರಕ್ತದೊತ್ತಡ ಗಗನಕ್ಕೇರುವ ರೋಗಿಗಳು ಕೆಲವರಿರುತ್ತಾರೆ. ತಿರುಳಿನಲ್ಲಿ ಬೆಳೆದ ಫಿಯೋಕ್ರೋಮೋಸೈಟೋಮ ಎಂಬ ಅಪರೂಪದ ಗಂಟು ಇದಕ್ಕೆ ಕಾರಣವಾಗಿರಬಹುದು. ಆಗ ಮೂತ್ರದಲ್ಲೋ ರಕ್ತದಲ್ಲೋ ಮೆಟಾನೆಫ್ರಿನ್ ಎಂಬುದನ್ನು ಅಳೆಯುತ್ತಾರೆ. ಇದಕ್ಕಾಗಿ ಕೊಡುವ ಕ್ಯಾನಿನ ತಳದಲ್ಲಿ ಆಸಿಡ್ ಇರುವುದುಂಟು. ಮಕ್ಕಳ ಕೈಗೆ ಸಿಕ್ಕದಂತೆ ಇಡಬೇಕು. ನೀರೆಂದು ತಿಳಿದು ಚೆಲ್ಲಿ ತೊಳೆಯಬಾರದು.

ಕೂಡಿಡುವ ಕ್ರಮ

ವೈದ್ಯರು ೨೪ ಗಂಟೆಯ ಮೂತ್ರ ತರಲು ಹೇಳಿದರೆ ಮಾಡಬೇಕಾದ್ದು ಸುಲಭ. ತಪ್ಪುವುದು ಇನ್ನೂ ಸುಲಭ. ಬೆಳಗ್ಗೆ ಎದ್ದ ಮೊದಲ ಮೂತ್ರವನ್ನು ಹೊರಕ್ಕೆ ಹೋಗಗೊಟ್ಟು ಆ ಹೊತ್ತನ್ನು ಬರೆದಿಡಿ. ಅಲ್ಲಿಂದ ಹಗಲು ರಾತ್ರಿಯ ಪ್ರತಿಯೊಂದು ಹನಿಯನ್ನೂ ಲ್ಯಾಬಿನವರು ಕೊಟ್ಟ ಕ್ಯಾನಿಗೆ ಸೇರಿಸಿ, ಮರುದಿನ ಅದೇ ಹೊತ್ತಿಗೆ ಬರುವ ಮೊದಲ ಮೂತ್ರದೊಂದಿಗೆ ಮುಗಿಸಿ. ನಡುವೆ ಒಂದು ಸಲ ಮರೆತರೂ ಲೆಕ್ಕ ಕೆಟ್ಟಿತು. ಇನ್ನೊಂದು ದಿನ ಮೊದಲಿನಿಂದ ಆರಂಭಿಸುವುದೇ ಸರಿ. ಕಚೇರಿಗೆ ಕ್ಯಾನು ಹೊತ್ತುಕೊಂಡು ಹೋಗುವುದು ಆಗದ ಮಾತಾದ್ದರಿಂದ ರಜಾದಿನ ಆರಿಸಿಕೊಳ್ಳುವುದು ಜಾಣತನ.

ಕ್ಯಾನು ತಣ್ಣಗಿರಬೇಕು. ಎರಡು ಕೋಣೆಯ ಮನೆಯಲ್ಲಿ ಮೊಸರಿನ ಪಕ್ಕ ಅದನ್ನು ಫ್ರಿಜ್ಜಿನಲ್ಲಿಡುತ್ತೇನೆಂದರೆ ಯಾವ ಅತ್ತೆಯವರೂ ಒಪ್ಪಲಾರರು, ಒಪ್ಪಬೇಕೆಂದೂ ಇಲ್ಲ. ಬಚ್ಚಲಲ್ಲಿ ಒಂದು ಬಕೆಟ್ಟಿಗೆ ಮಂಜುಗಡ್ಡೆ ಹಾಕಿ ಅದರೊಳಗಿಟ್ಟರೆ ಸಾಕು. ಆ ದಿನ ಹೊಟ್ಟೆ ಬಿರಿಯ ನೀರು ಕುಡಿಯಬೇಡಿ. ದಿನಕ್ಕೆ ಐದು ಲೀಟರಿನಷ್ಟು ಕುಡಿದರೆ ಕಾರ್ಟಿಸೋಲಿನ ಅಂಕಿಯೇ ಸುಳ್ಳಾಗಿ ಏರಬಹುದು. ಹೈಡ್ರೋಕಾರ್ಟಿಸೋನ್ ಮುಲಾಮು ಹಚ್ಚಿದ ಕೈಯಿಂದ ಪಾತ್ರೆ ಮುಟ್ಟಿದರೆ ಅದು ಮೂತ್ರಕ್ಕಿಳಿದು ಲೆಕ್ಕ ಕೆಡುತ್ತದೆ. ನೀವು ನುಂಗುವ, ಸೇದುವ, ಹಚ್ಚುವ ಎಲ್ಲ ಔಷಧಗಳ ಪಟ್ಟಿಯನ್ನು ಮುಂಚೆಯೇ ವೈದ್ಯರಿಗೆ ತೋರಿಸಿ. ಆದರೆ ಅವರು ಹೇಳದೆ ಯಾವುದನ್ನೂ ನಿಲ್ಲಿಸಬೇಡಿ.

ಚೀಟಿ ಬಂದಾಗ ಅಂಕಿಯನ್ನು ಅದೇ ಚೀಟಿಯಲ್ಲಿ ಅಚ್ಚಾಗಿರುವ ಮಿತಿಯೊಂದಿಗೆ ಮಾತ್ರ ಹೋಲಿಸಬೇಕು. ಒಂದೊಂದು ಲ್ಯಾಬಿನ ವಿಧಾನ ಒಂದೊಂದು. ಮುಂಬಯಿಯ ಅಂಕಿಯನ್ನು ಹುಬ್ಬಳ್ಳಿಯ ಮಿತಿಗೆ ಹಿಡಿದರೆ ಅರ್ಥವಿಲ್ಲ. ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ಅಂಕಿ ಸುಳ್ಳಾಗಿ ತಗ್ಗುತ್ತದೆ. ಬಸಿರಿಯರಲ್ಲಿ, ಮದ್ಯಪಾನಿಗಳಲ್ಲಿ, ತೀರ ಸ್ಥೂಲಕಾಯದವರಲ್ಲಿ, ಸಕ್ಕರೆ ಹತೋಟಿಗೆ ಬಾರದವರಲ್ಲಿ, ಗಾಢವಾದ ಖಿನ್ನತೆಯಲ್ಲಿರುವವರಲ್ಲಿ ಕುಶಿಂಗ್ ಕಾಯಿಲೆ ಇಲ್ಲದೆಯೂ ಅಂಕಿ ಸ್ವಲ್ಪ ಏರುವುದುಂಟು. ಮೇಲ್ಮಿತಿಯ ಮೂರು ನಾಲ್ಕು ಪಟ್ಟು ಮೀರಿದರೆ ಮಾತ್ರ ಅನುಮಾನ ಗಟ್ಟಿಯಾಗುತ್ತದೆ.

ಚಿಂತೆಯ ಅಂಕಿ ಏಕಿಲ್ಲ?

ಇನ್ನು ಒತ್ತಡದ ಮಾತಿಗೆ ಬರೋಣ. ಈ ಪದವನ್ನು ವೈದ್ಯಶಾಸ್ತ್ರಕ್ಕೆ ತಂದವರಲ್ಲಿ ಹಾನ್ಸ್ ಸೆಲ್ಯೆ ಪ್ರಮುಖ. ಮಾಂಟ್ರಿಯಲ್ಲಿನಲ್ಲಿದ್ದ ಆತ ೧೯೩೬ರಲ್ಲಿ ‘ನೇಚರ್’ ಪತ್ರಿಕೆಗೆ ಒಂದು ಪುಟ್ಟ ಬರಹ ಕಳಿಸಿದ. ಇಲಿಗಳನ್ನು ಚಳಿಗೊಡ್ಡಲಿ, ಗಾಯಗೊಳಿಸಲಿ, ವಿಷವುಣಿಸಲಿ, ಅವುಗಳ ಮೈಯಲ್ಲಿ ಒಂದೇ ಬಗೆಯ ಬದಲಾವಣೆಗಳಾಗುತ್ತವೆಂದು ಆತ ತೋರಿಸಿದ. ಮೊದಲು ಎಚ್ಚರ, ಆಮೇಲೆ ತಾಳಿಕೆ, ಕೊನೆಗೆ ಬಳಲಿಕೆ ಎಂದು ಮೂರು ಘಟ್ಟಗಳನ್ನು ಹೇಳಿದ. ಆ ಇಲಿಗಳಲ್ಲಿ ಅಡ್ರಿನಲ್ ಗ್ರಂಥಿ ಕುಗ್ಗಿರಲಿಲ್ಲ, ಹಿಗ್ಗಿತ್ತು ಎಂಬುದನ್ನು ಗಮನಿಸಬೇಕು.

ಆ ಮೂರನೆಯ ಘಟ್ಟವನ್ನು ಹಿಡಿದುಕೊಂಡು, ಅಮೆರಿಕದ ಜೇಮ್ಸ್ ವಿಲ್ಸನ್ ಎಂಬಾತ ೧೯೯೮ರಲ್ಲಿ ‘ಅಡ್ರಿನಲ್ ಬಳಲಿಕೆ’ ಎಂಬ ಹೆಸರನ್ನು ಚಲಾವಣೆಗೆ ತಂದ. ಸಂಸಾರದ ಚಿಂತೆ ಹೊತ್ತು ಹೊತ್ತು ಗ್ರಂಥಿ ಬರಿದಾಗುತ್ತದೆಂಬುದು ಅದರ ವಾದ. ಕೇಳುವುದಕ್ಕೆ ಇಂಪಾಗಿದೆ. ಆದರೆ ಬ್ರೆಜಿಲಿನ ಇಬ್ಬರು ತಜ್ಞರು ೨೦೧೬ರಲ್ಲಿ ೫೮ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ, ಇಂಥ ಕಾಯಿಲೆಗೆ ಆಧಾರವಿಲ್ಲವೆಂದು ಪ್ರಕಟಿಸಿದರು. ಹಾರ್ಮೋನು ತಜ್ಞರ ಸಂಘಗಳೂ ಇದನ್ನು ಕಾಯಿಲೆಯೆಂದು ಒಪ್ಪಿಲ್ಲ. ತುರ್ತುಚಿಕಿತ್ಸೆಯ ಕೋಣೆಯಲ್ಲಿ ಜೀವಕ್ಕೆ ಹೋರಾಡುತ್ತಿರುವ ರೋಗಿಗಿಂತ ಹೆಚ್ಚಿನ ಒತ್ತಡ ಯಾವ ದೇಹಕ್ಕಿದೆ? ಅಂಥವರ ರಕ್ತದಲ್ಲಿ ಕಾರ್ಟಿಸೋಲು ಬತ್ತುವುದಿರಲಿ, ಸಾಮಾನ್ಯವಾಗಿ ಏರಿಯೇ ಇರುತ್ತದೆ.

ಹಾಗಾದರೆ ಏರಿದ ಅಂಕಿಯೇ ಚಿಂತೆಯ ಗುರುತಾಗಬಹುದಲ್ಲ ಎನ್ನಬಹುದು. ಅದೂ ಆಗದು. ದೀರ್ಘಕಾಲ ಸಂಕಟವುಂಡವರಲ್ಲಿ ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ, ಬಹುಮಂದಿಗೆ ಸಾಧಾರಣ ಮಟ್ಟವೇ ಕಂಡುಬಂದಿದೆ. ರಾತ್ರಿಪಾಳಿಯವರ ದಿನಚರಿಯೇ ತಲೆಕೆಳಗಾದ್ದರಿಂದ ಯಾವ ಹೊತ್ತಿನ ಮಟ್ಟವನ್ನು ಯಾವುದಕ್ಕೆ ಹೋಲಿಸಬೇಕೆಂಬುದೇ ತೊಡಕು. ಅಮೆರಿಕದಲ್ಲಿ ಕಾಗದದ ಪಟ್ಟಿಗಳನ್ನು ದಿನಕ್ಕೆ ನಾಲ್ಕೈದು ಸಲ ಮೂತ್ರದಲ್ಲಿ ಅದ್ದಿ, ಒಣಗಿಸಿ, ಅಂಚೆಯಲ್ಲಿ ಕಳಿಸುವ ಪರೀಕ್ಷೆಗಳನ್ನೂ ಮಾರುತ್ತಾರೆ. ಬಣ್ಣಬಣ್ಣದ ನಕ್ಷೆ ಬರುತ್ತದೆ. ನಕ್ಷೆ ಎಷ್ಟು ಚೆಂದವಿದ್ದರೂ ಅದರಿಂದ ಚಿಂತೆಯ ತೂಕ ತಿಳಿಯದು.

ಇಷ್ಟರಿಂದ ದಣಿವು ಸುಳ್ಳೆಂದಾಗಲಿ, ದಣಿದವರು ನಟಿಸುತ್ತಾರೆಂದಾಗಲಿ ಯಾರೂ ತಿಳಿಯಬಾರದು. ದಣಿವು ನಿಜ, ಅದಕ್ಕೆ ಕಟ್ಟಿದ ಹೆಸರು ತಪ್ಪು. ತಪ್ಪು ಹೆಸರಿನ ಅಪಾಯವೇನೆಂದರೆ ಸರಿಯಾದ ಹೆಸರನ್ನು ಹುಡುಕುವುದೇ ನಿಂತುಹೋಗುತ್ತದೆ. ನಮ್ಮ ಹೆಂಗಸರಲ್ಲಿ ದಣಿವಿನ ಕಾರಣ ಎಷ್ಟೋ ಸಲ ರಕ್ತಹೀನತೆ. ಸಸ್ಯಾಹಾರಿಗಳಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ಬಿ೧೨ ಜೀವಸತ್ವದ ಕೊರತೆ. ಥೈರಾಯ್ಡು, ಸಕ್ಕರೆ, ಗೊರಕೆಯ ನಡುವೆ ಉಸಿರು ಕಟ್ಟುವ ನಿದ್ರಾದೋಷ, ಮರೆಯಲ್ಲಿರುವ ಕ್ಷಯ, ಖಿನ್ನತೆ ಇವೂ ಉಂಟು. ಇವುಗಳಲ್ಲಿ ಹೆಚ್ಚಿನವನ್ನು ಸಾಧಾರಣ ರಕ್ತಪರೀಕ್ಷೆ ಅಥವಾ ವೈದ್ಯರ ನಾಲ್ಕು ಪ್ರಶ್ನೆ ಹೊರಗೆಡಹುತ್ತದೆ. ಎಲ್ಲಕ್ಕೂ ಚಿಕಿತ್ಸೆಯಿದೆ.

ಗ್ರಂಥಿಗೆ ಬಲ ಕೊಡುವ ಡಬ್ಬಿಗಳ ವಿಷಯವನ್ನೂ ಹೇಳಬೇಕು. ಅಮೆರಿಕದಲ್ಲಿ ಚೀಟಿಯಿಲ್ಲದೆ ಮಾರುವ ಅಂಥ ೧೨ ತಯಾರಿಕೆಗಳನ್ನು ಪರೀಕ್ಷಿಸಿದ ವರದಿ ೨೦೧೮ರಲ್ಲಿ ಮೇಯೊ ಕ್ಲಿನಿಕ್ಕಿನ ಪತ್ರಿಕೆಯಲ್ಲಿ ಬಂತು. ಹನ್ನೆರಡರಲ್ಲೂ ಥೈರಾಯ್ಡ್ ಹಾರ್ಮೋನು ಇತ್ತು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಸ್ಟಿರಾಯ್ಡ್ ಹಾರ್ಮೋನೂ ಇತ್ತು. ಗಿಡಮೂಲಿಕೆಯೆಂದು ನುಂಗಿದವರು ಕೆಲವು ದಿನ ಚುರುಕಾದುದರಲ್ಲಿ ಆಶ್ಚರ್ಯವಿಲ್ಲ.

ನಿಜವಾಗಿ ನಿದ್ರೆಹೋದ ಗ್ರಂಥಿ

ಇಲ್ಲಿಂದ ಮುಂದಿನದನ್ನು ವಾಚಕರು ನಿಧಾನವಾಗಿ ಓದಬೇಕೆಂದು ನಮ್ಮ ಪ್ರಾರ್ಥನೆ.

ಅಡ್ರಿನಲ್ಲಿನ ತೊಗಟೆ ತಾನಾಗಿ ಕೆಲಸ ಮಾಡುವುದಿಲ್ಲ. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಆಜ್ಞೆ ಕಳಿಸಬೇಕು. ರಕ್ತದಲ್ಲಿ ಕಾರ್ಟಿಸೋಲು ಸಾಕಷ್ಟಿದ್ದರೆ ಆಜ್ಞೆ ನಿಲ್ಲುತ್ತದೆ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಮುಂತಾದ ಸ್ಟಿರಾಯ್ಡ್ ಔಷಧಗಳು ಕಾರ್ಟಿಸೋಲಿನ ಬಂಧುಗಳು. ಅವನ್ನು ಹೊರಗಿನಿಂದ ಕೊಡುತ್ತ ಹೋದರೆ ಪಿಟ್ಯುಟರಿ ಸುಮ್ಮನಾಗುತ್ತದೆ. ಆಜ್ಞೆಯಿಲ್ಲದ ಅಡ್ರಿನಲ್ ಕುಗ್ಗಿ ಮಲಗುತ್ತದೆ. ದಿನಕ್ಕೆ ೫ ಮಿಲಿಗ್ರಾಮಿಗಿಂತ ಹೆಚ್ಚು ಪ್ರೆಡ್ನಿಸೊಲೋನನ್ನು ಮೂರು ನಾಲ್ಕು ವಾರಕ್ಕೆ ಮೀರಿ ತೆಗೆದುಕೊಂಡ ಯಾರಿಗೇ ಆದರೂ ಹೀಗಾಗಿರಬಹುದೆಂದು ವೈದ್ಯರು ಎಣಿಸುತ್ತಾರೆ. ಮಲಗಿದ ಗ್ರಂಥಿ ಏಳಲು ವಾರಗಳು ಬೇಕು. ಕೆಲವರಲ್ಲಿ ತಿಂಗಳುಗಳು, ವರ್ಷವೂ ಹಿಡಿಯುವುದುಂಟು. ಈ ನಡುವೆ ಔಷಧವನ್ನು ಹಠಾತ್ತಾಗಿ ನಿಲ್ಲಿಸಿದರೆ ಹೊರಗಿನ ಕಾರ್ಟಿಸೋಲೂ ಇಲ್ಲ, ಒಳಗಿನದೂ ಇಲ್ಲ. ಒಂದು ಜ್ವರ, ಒಂದು ವಾಂತಿಭೇದಿ ಬಂದರೆ ಸಾಕು, ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಬರುತ್ತದೆ.

ಸ್ಟಿರಾಯ್ಡ್ ಕೆಟ್ಟ ಔಷಧವಲ್ಲ. ಉಬ್ಬಸ, ಸಂಧಿವಾತ, ಚರ್ಮರೋಗ, ಮೂತ್ರಪಿಂಡದ ಕೆಲವು ಕಾಯಿಲೆಗಳಲ್ಲಿ ಅದು ಜೀವರಕ್ಷಕ. ೨೦೨೦ರಲ್ಲಿ ಕೋವಿಡ್ ರೋಗಿಗಳಲ್ಲಿ ಆಮ್ಲಜನಕ ಬೇಕಾದವರ ಸಾವನ್ನು ತಗ್ಗಿಸಿದ್ದು ಅಗ್ಗದ ಡೆಕ್ಸಾಮೆಥಾಸೋನೇ. ಕೆಟ್ಟದ್ದು ಲೆಕ್ಕವಿಲ್ಲದೆ ತೊಡಗುವುದು, ಹೇಳದೆ ನಿಲ್ಲಿಸುವುದು.

ಊರು ಬದಲಾಯಿಸುವ ನಮ್ಮಂಥವರಿಗೆ ಈ ಎರಡೂ ತಪ್ಪು ಸುಲಭವಾಗಿ ಒದಗುತ್ತವೆ. ಊರಿನಲ್ಲಿದ್ದ ತಂದೆತಾಯಿಗಳನ್ನು ನಗರಕ್ಕೆ ಕರೆತರುತ್ತೇವೆ. ಮಂಡಿನೋವಿಗೆ ವರ್ಷಗಟ್ಟಲೆ ಪರಿಚಿತ ಅಂಗಡಿಯಿಂದ ತರಿಸಿಕೊಳ್ಳುತ್ತಿದ್ದ ‘ಚಿಕ್ಕ ಬಿಳಿ ಮಾತ್ರೆ’ಯನ್ನು ಅಮ್ಮ ಚೀಲದಲ್ಲಿ ತಂದಿರುತ್ತಾರೆ. ಹೆಸರು ಗೊತ್ತಿಲ್ಲ, ಚೀಟಿ ಇಲ್ಲ, ಕತ್ತರಿಸಿದ ಪಟ್ಟಿಯ ಮೇಲೆ ಅಕ್ಷರವಿಲ್ಲ. ಪೊಟ್ಟಣ ಮುಗಿಯುತ್ತದೆ. ಇಲ್ಲಿನ ಅಂಗಡಿಯವನು ಮರಾಠಿಯಲ್ಲೋ ತಮಿಳಿನಲ್ಲೋ ಚೀಟಿ ಕೇಳುತ್ತಾನೆ. ‘ಹೋಗಲಿ ಬಿಡು, ಊರಿಗೆ ಹೋದಾಗ ತಂದರಾಯಿತು’ ಎಂದು ಅವರು ಸುಮ್ಮನಾಗುತ್ತಾರೆ. ಹತ್ತು ಹದಿನೈದು ದಿನದಲ್ಲಿ ಊಟ ಸೇರದು, ಎದ್ದು ನಿಂತರೆ ಕಣ್ಣುಕತ್ತಲೆ, ವಾಂತಿ, ಮಂಪರು. ಹವೆ ಒಗ್ಗಲಿಲ್ಲ, ನೀರು ಒಗ್ಗಲಿಲ್ಲ, ಊರಿನ ನೆನಪು ಎಂದುಕೊಳ್ಳುತ್ತೇವೆ. ಒಗ್ಗದಿರುವುದು ನೀರಲ್ಲ, ನಿಂತುಹೋದ ಮಾತ್ರೆ. ಗಂಟುನೋವಿಗೆ, ಉಬ್ಬಸಕ್ಕೆ ರಾಮಬಾಣವೆಂದು ಮಾರುವ ಹೆಸರಿಲ್ಲದ ಪುಡಿಗಳಲ್ಲಿಯೂ ಸ್ಟಿರಾಯ್ಡ್ ಬೆರೆಸಿರುವುದು ಕಂಡುಬಂದಿದೆ. ಮುಖ ಬೆಳ್ಳಗಾಗಲೆಂದು ತಿಂಗಳುಗಟ್ಟಲೆ ಹಚ್ಚುವ ಕೆಲವು ಮುಲಾಮುಗಳೂ ಅದೇ ಜಾತಿಯವು.

ಇಂಥವರಲ್ಲಿ ಮೂತ್ರ ಪರೀಕ್ಷೆ ಮಾಡಿಸಿದರೆ ಒಗಟೇ ಸರಿ. ಡೆಕ್ಸಾಮೆಥಾಸೋನ್ ನುಂಗಿದವರ ಮುಖ ಕುಶಿಂಗ್ ರೋಗಿಯಂತೆ ಗುಂಡಗಿರುತ್ತದೆ, ಮೂತ್ರದ ಕಾರ್ಟಿಸೋಲು ಮಾತ್ರ ತಳ ಮುಟ್ಟಿರುತ್ತದೆ. ಪ್ರೆಡ್ನಿಸೊಲೋನ್ ಆದರೆ ಕೆಲವು ವಿಧಾನಗಳು ಅದನ್ನೇ ಕಾರ್ಟಿಸೋಲೆಂದು ಎಣಿಸಿ ಸುಳ್ಳು ಏರಿಕೆ ತೋರಿಸುತ್ತವೆ. ಗ್ರಂಥಿ ಸೋತಿದೆಯೆ ಎಂಬ ಪ್ರಶ್ನೆಗೆ ಮೂತ್ರ ಸರಿಯಾದ ಸಾಕ್ಷಿಯಲ್ಲ. ಅದಕ್ಕೆ ಬೆಳಗ್ಗೆ ಎಂಟು ಗಂಟೆಯ ಸುಮಾರಿಗೆ ರಕ್ತದ ಕಾರ್ಟಿಸೋಲು ನೋಡಬೇಕು. ಸಂಶಯವಿದ್ದರೆ ಗ್ರಂಥಿಯನ್ನು ಕೆಣಕುವ ಚುಚ್ಚುಮದ್ದು ಕೊಟ್ಟು ಮತ್ತೆ ನೋಡಬೇಕು.

ಔಷಧವಿಲ್ಲದೆಯೂ ಗ್ರಂಥಿ ಹಾಳಾಗುವ ಅಡಿಸನ್ ಕಾಯಿಲೆ ನಮ್ಮ ದೇಶದಲ್ಲಿ ಇಂದಿಗೂ ಇದೆ. ಅದರ ಕಾರಣಗಳಲ್ಲಿ ಕ್ಷಯ ಇಂದಿಗೂ ಒಂದು. ದಿನೇ ದಿನೇ ಇಳಿಯುವ ತೂಕ, ನಿಂತರೆ ತಲೆ ಸುತ್ತು, ಉಪ್ಪಿನಕಾಯಿಗೆ ಉಪ್ಪಿಗೆ ಮತ್ತೆ ಮತ್ತೆ ಚಾಚುವ ನಾಲಗೆ, ಮೈ ಕಪ್ಪಾಗುವುದು ಅದರ ಲಕ್ಷಣಗಳು. ನಮ್ಮ ಬಣ್ಣದವರಲ್ಲಿ ಈ ಕಪ್ಪು ಕಣ್ಣಿಗೆ ಬೀಳುವುದಿಲ್ಲ. ಬಿಸಿಲಿಗೆ ಕಂದಿದ್ದಾರೆ ಎಂದು ಬಿಡುತ್ತೇವೆ. ಆದುದರಿಂದ ಬಿಸಿಲು ಕಾಣದ ಜಾಗಗಳನ್ನು ನೋಡಬೇಕು: ಒಸಡು, ಕೆನ್ನೆಯ ಒಳಭಾಗ, ಅಂಗೈಯ ಗೆರೆಗಳು, ಹಳೆಯ ಗಾಯದ ಕಲೆ. ಅಲ್ಲಿ ಹೊಸದಾಗಿ ಕಪ್ಪು ಕಂಡರೆ ವೈದ್ಯರಿಗೆ ತೋರಿಸಲು ತಡಮಾಡಬಾರದು. ಕ್ಷಯದ ಔಷಧವಾದ ರಿಫಾಂಪಿಸಿನ್ ಕಾರ್ಟಿಸೋಲನ್ನು ಬೇಗ ಕರಗಿಸುವುದರಿಂದ, ಅದನ್ನು ಆರಂಭಿಸಿದ ಮೇಲೆ ನಿಶ್ಶಕ್ತಿ ಹೆಚ್ಚಿದರೆ ಅದನ್ನೂ ತಿಳಿಸಬೇಕು.

ಮನೆಯಲ್ಲಿ ಮಾಡಬೇಕಾದ್ದು

ಊರಿನಿಂದ ಹಿರಿಯರು ಬಂದ ದಿನ ಉಪ್ಪಿನಕಾಯಿಯ ಜಾಡಿ, ಚಟ್ನಿಪುಡಿಯ ಪೊಟ್ಟಣ ಬಿಚ್ಚುವಾಗಲೇ ಔಷಧದ ಚೀಲವನ್ನೂ ಬಿಚ್ಚಿರಿ. ಒಂದೊಂದು ಪಟ್ಟಿಯ ಹೆಸರನ್ನೂ ಬರೆದುಕೊಳ್ಳಿ. ಹೆಸರಿಲ್ಲದ ಮಾತ್ರೆ, ಪುಡಿ ಇದ್ದರೆ ಎಸೆಯಬೇಡಿ, ನಿಲ್ಲಿಸಲೂ ಬೇಡಿ. ಹಾಗೆಯೇ ವೈದ್ಯರ ಬಳಿಗೆ ಒಯ್ಯಿರಿ. ಸ್ಟಿರಾಯ್ಡ್ ಎಂದು ತಿಳಿದರೆ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಕ್ರಮವನ್ನು ಅವರೇ ಹೇಳುತ್ತಾರೆ. ಬಹುಕಾಲ ಸ್ಟಿರಾಯ್ಡ್ ನುಂಗುವವರು ಜ್ವರ ಬಂದಾಗ, ಹಲ್ಲು ಕೀಳಿಸುವಾಗ, ಶಸ್ತ್ರಚಿಕಿತ್ಸೆಯಾಗುವಾಗ ಎಷ್ಟು ಹೆಚ್ಚಿಸಬೇಕೆಂಬುದನ್ನು ಮುಂಚೆಯೇ ಕೇಳಿ ಬರೆದಿಟ್ಟುಕೊಳ್ಳಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಮನೆಯಲ್ಲಿ ಕಾಯುತ್ತ ಕೂಡಬಾರದು. ಆಸ್ಪತ್ರೆಗೆ ಹೋಗಿ, ‘ಇವರು ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದರು’ ಎಂಬುದನ್ನು ಮೊದಲ ಮಾತಾಗಿ ಹೇಳಿ. ಅಂಥ ಹೊತ್ತಿನಲ್ಲಿ ವಯಸ್ಕರಿಗೆ ೧೦೦ ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಚುಚ್ಚುಮದ್ದು ಜೀವ ಉಳಿಸುತ್ತದೆ. ಆ ಒಂದು ಮಾತು ಹೇಳುವವರು ಜೊತೆಗಿಲ್ಲದೆ ಜೀವ ಹೋಗಬಾರದು. ಆದುದರಿಂದ ರೋಗಿಯ ಜೇಬಿನಲ್ಲೋ ಪರ್ಸಿನಲ್ಲೋ ಒಂದು ಚೀಟಿ ಇರಲಿ, ಊರಿನ ಭಾಷೆ ಯಾವುದಿದ್ದರೂ ಆಸ್ಪತ್ರೆಯವರು ಓದುವಂತೆ ಇಂಗ್ಲಿಷಿನಲ್ಲಿರಲಿ.

ಇನ್ನು ಚಿಂತೆಯೇ ನಿಜವಾದ ಕಾಯಿಲೆಯಾದರೆ ಅದಕ್ಕೆ ಕ್ಯಾನು ಬೇಡ. ಕೇಳುವ ಕಿವಿ ಬೇಕು. ಪರಊರಿನಲ್ಲಿ ತಾಯ್ನುಡಿಯಲ್ಲಿ ಅಳಲು ತೋಡಿಕೊಳ್ಳಲು ಯಾರೂ ಇಲ್ಲವೆಂದು ಕೊರಗುವವರು ನಮ್ಮಲ್ಲಿ ಇದ್ದಾರೆ. ಕೇಂದ್ರ ಸರ್ಕಾರ ೨೦೨೨ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯ ಸಂಖ್ಯೆ ೧೪೪೧೬. ಹಣ ಕೊಡಬೇಕಾಗಿಲ್ಲ, ಕನ್ನಡವೂ ಅದರ ಭಾಷೆಗಳಲ್ಲಿ ಒಂದು. ಅದರ ಮಾರ್ಗದರ್ಶಕ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. ಫೋನು ಮಾಡಲು ಸಂಕೋಚಪಡುವವರ ಮನೆಗೆ, ಪಕ್ಕದ ಬೀದಿಯಲ್ಲೇ ಇರುವ ಸಂಘದ ಬಂಧುಗಳು ತಿಂಗಳಿಗೊಮ್ಮೆ ಹೋಗ

ಿ ಕುಳಿತು ಮಾತಾಡಿಸಿ ಬಂದರೂ ಉಪಕಾರವೇ.

ಪರೀಕ್ಷೆಗಳು ನಮ್ಮ ಶತ್ರುಗಳಲ್ಲ. ಯಾವ ಪ್ರಶ್ನೆಗೆ ಯಾವ ಪರೀಕ್ಷೆಯೆಂಬುದು ತಿಳಿದಿರಬೇಕು, ಅಷ್ಟೆ. ಗುಂಡುಮುಖ, ನೇರಳೆ ಗೆರೆ, ಕೈಯೂರಿ ಏಳುವ ಕಾಲು ಕಂಡರೆ ಮೂತ್ರದ ಕ್ಯಾನು ತನ್ನ ಕೆಲಸ ಮಾಡಲಿ. ಬರಿಯ ದಣಿವಿಗೆ ಮೊದಲು ಹಿಮೋಗ್ಲೋಬಿನ್ ನೋಡಿಸಿ. ಈ ಸಂಚಿಕೆ ಕೈಗೆ ಬಂದ ದಿನವೇ ಮನೆಯ ಔಷಧದ ಡಬ್ಬಿಯನ್ನೊಮ್ಮೆ ತೆರೆದು ನೋಡಿದರೆ ನಮ್ಮ ಬರಹ ಸಾರ್ಥಕ.